ಎಂಟು ವಾರದ ನಾಯಿಮರಿಯನ್ನು ಹೊಸ ಮನೆಗೆ ಕಳಿಸುವ ಮುನ್ನ: ಬೆಂಗಳೂರಿನ ಮನೆ ಬ್ರೀಡರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮರಿ ಹೊಸ ಮನೆಗೆ ಕಾಲಿಟ್ಟ ದಿನ ಅದಕ್ಕೆ ಹೊಸದಾಗಿರಬೇಕಾದದ್ದು ಆ ಮನೆ, ಆ ಮನೆಯ ಜನ, ಅಷ್ಟೇ. ತಟ್ಟೆಯಲ್ಲಿರುವ ಊಟ, ಮಲಗುವ ಬಟ್ಟೆ, ಉಚ್ಚೆ ಮಾಡುವ ಜಾಗದ ನೆಲ, ಕುಕ್ಕರ್ ವಿಷಲ್ಲು, ಅರ್ಧ ಗಂಟೆ ಒಬ್ಬಂಟಿಯಾಗಿ ಇರುವುದು, ಡಾಕ್ಟರು ತುಟಿ ಎತ್ತಿ ಹಲ್ಲು ನೋಡುವುದು ಇವೆಲ್ಲ ಮೊದಲೇ ಗೊತ್ತಿರಬೇಕು. ಒಂದೇ ದಿನ ಎಲ್ಲವೂ ಹೊಸದಾದರೆ ಮರಿ ಊಟ ಬಿಡುತ್ತದೆ, ಭೇದಿ ಮಾಡಿಕೊಳ್ಳುತ್ತದೆ, ರಾತ್ರಿಯಿಡೀ ಅಳುತ್ತದೆ. ಮೊದಲ ಸಲ ನಾಯಿ ಸಾಕುವವರು ಅಲ್ಲಿಗೇ ಕಂಗಾಲಾಗುತ್ತಾರೆ. ಆಮೇಲೆ ಆ ನಾಯಿಗೆ ಬಾಲ್ಕನಿಯೋ ಟೆರೇಸೋ ಗತಿ.

ಇದನ್ನು ತಪ್ಪಿಸುವ ಕೆಲಸ ಬ್ರೀಡರ್‌ನದು. ಕೊನೆಯ ವಾರದಲ್ಲಿ ಗಡಿಬಿಡಿಯಿಂದ ಮಾಡಿ ಮುಗಿಸುವಂಥದ್ದೂ ಅಲ್ಲ. ಮರಿ ಹುಟ್ಟಿದ ದಿನದಿಂದಲೇ ಶುರು.

ಮರಿ ಹಾಕಿಸುವ ಮೊದಲೇ ಆಗಬೇಕಾದದ್ದು

ಮನೆಯಲ್ಲಿರುವುದು ಒಂದೇ ಹೆಣ್ಣುನಾಯಿಯಾದರೂ ಮರಿ ಹಾಕಿಸಿ ಮಾರುವವರು ಕಾನೂನಿನ ಕಣ್ಣಲ್ಲಿ ಬ್ರೀಡರೇ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಗೆ ಕನಿಷ್ಠ 18 ತಿಂಗಳು ತುಂಬಿರಬೇಕು. ನೋಂದಣಿ ಇಲ್ಲದೆ 'ಪರಿಚಯದವರಿಗೆ ಮಾತ್ರ ಕೊಡ್ತೀವಿ' ಎನ್ನುವುದು ನಮ್ಮ ಊರಿನಲ್ಲಿ ಮಾಮೂಲಿಯಾಗಿಬಿಟ್ಟಿದೆ. ಮಾಮೂಲಿಯಾದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಲ್ಯಾಬ್ರಡಾರ್, ಗೋಲ್ಡನ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯಾದರೆ ತಾಯಿ ತಂದೆ ಇಬ್ಬರ ಸೊಂಟದ ಕೀಲಿನ ಎಕ್ಸ್‌ರೇ ಮೊದಲೇ ಆಗಿರಲಿ. ಗರ್ಭ ಕಟ್ಟುವ ಮೊದಲೇ ತಾಯಿಯ ಲಸಿಕೆಗಳು ಪೂರ್ತಿಯಾಗಿರಲಿ, ಏಕೆಂದರೆ ಮೊದಲ ದಿನದ ಗಿಣ್ಣುಹಾಲಿನಲ್ಲಿ ಮರಿಗಳಿಗೆ ಸಿಗುವ ರಕ್ಷಣೆ ತಾಯಿಯ ರಕ್ತದಲ್ಲಿ ಇದ್ದಷ್ಟೇ. ಬಸುರಿಗೆ ಕ್ಯಾಲ್ಸಿಯಂ ಸಿರಪ್ ಕುಡಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಬಿಟ್ಟುಬಿಡಿ. ಹೊರಗಿನಿಂದ ಕ್ಯಾಲ್ಸಿಯಂ ಸಿಗುತ್ತಲೇ ಇದ್ದರೆ ಮೂಳೆಯಿಂದ ಅದನ್ನು ಬಿಡಿಸಿಕೊಳ್ಳುವ ದೇಹದ ವ್ಯವಸ್ಥೆ ಮಂದವಾಗುತ್ತದೆ. ಹಾಲು ಜೋರಾಗಿ ಇಳಿಯುವ ಎರಡು, ಮೂರನೇ ವಾರದಲ್ಲಿ ರಕ್ತದ ಕ್ಯಾಲ್ಸಿಯಂ ಥಟ್ಟನೆ ಕುಸಿಯುತ್ತದೆ. ತಾಯಿ ಏದುಸಿರು ಬಿಡುತ್ತಾ, ನಡುಗುತ್ತಾ, ಕಾಲು ಸೆಟೆದುಕೊಂಡು ನಿಂತರೆ ಮರಿಗಳನ್ನು ಬೇರ್ಪಡಿಸಿ ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಅದಲ್ಲ.

ಮೊದಲ ಎರಡು ವಾರ: ಬಿಸಿ ಮತ್ತು ತೂಕ

ಹುಟ್ಟಿದ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಉಳಿಸಿಕೊಳ್ಳಲು ಬರುವುದಿಲ್ಲ. ಮೊದಲ ವಾರ ಮರಿಗಳು ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ನಾಲ್ಕನೇ ವಾರದ ಹೊತ್ತಿಗೆ ನಿಧಾನಕ್ಕೆ 24ಕ್ಕೆ ಇಳಿಸಬಹುದು. ಬೆಂಗಳೂರಿನಲ್ಲಿ ಚಳಿಯೇ ಇಲ್ಲ ಎನ್ನಬೇಡಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ 15 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಗ್ರಾನೈಟ್ ನೆಲ ಅದಕ್ಕಿಂತಲೂ ತಣ್ಣಗೆ ಕೊರೆಯುತ್ತದೆ. ಮರಿಗಳನ್ನು ಮಲಗಿಸುವ ಪೆಟ್ಟಿಗೆಯ ಕೆಳಗೆ ದಪ್ಪ ರಟ್ಟು ಅಥವಾ ಮಣೆ ಹಾಕಿ. ಪೆಟ್ಟಿಗೆಯ ಅರ್ಧಕ್ಕೆ ಮಾತ್ರ ಬಿಸಿ ಇರಲಿ. ಸೆಕೆಯಾದ ಮರಿ ಇನ್ನರ್ಧಕ್ಕೆ ತೆವಳಿಕೊಂಡು ಹೋಗುತ್ತದೆ. ಮರಿಗಳು ಒಂದರ ಮೇಲೊಂದು ಬಿದ್ದು ಅಳುತ್ತಿದ್ದರೆ ಚಳಿ, ಮೂಲೆಮೂಲೆಗೆ ಚೆದುರಿ ಏದುಸಿರು ಬಿಡುತ್ತಿದ್ದರೆ ಸೆಕೆ, ಒತ್ತೊತ್ತಾಗಿ ಸಾಲಾಗಿ ಮಲಗಿದ್ದರೆ ಸರಿಯಾಗಿದೆ.

ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ. ಮೈ ಬಿಸಿ 35 ಡಿಗ್ರಿಗಿಂತ ಇಳಿದಾಗ ಹೊಟ್ಟೆ, ಕರುಳು ಕೆಲಸವನ್ನೇ ನಿಲ್ಲಿಸಿರುತ್ತವೆ, ಹಾಲು ಒಳಗೇ ಕೊಳೆಯುತ್ತದೆ. ಮೊದಲು ಮರಿಯನ್ನು ನಿಮ್ಮ ಮೈಗೆ ಆನಿಸಿಕೊಂಡು ನಿಧಾನವಾಗಿ ಬೆಚ್ಚಗಾಗಿಸಿ, ಆಮೇಲೆ ಮೊಲೆಗೆ ಹಿಡಿಸಿ.

ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂವರೆಗೆ ತೋರಿಸುವಂಥದ್ದು. ಅದರ ಮೇಲೆ ಸ್ಟೀಲ್ ಬೋಗುಣಿ, ಬೋಗುಣಿಯೊಳಗೆ ಮಡಿಸಿದ ಬಟ್ಟೆ ಇಟ್ಟು ಸೊನ್ನೆ ಒತ್ತಿ, ಮರಿಯನ್ನು ಹೊಟ್ಟೆ ಕೆಳಗಾಗಿ ಬಿಡಿ. ಅದು ತಲೆ ಆಡಿಸುತ್ತಾ ಮೊಲೆ ಹುಡುಕುತ್ತದೆ. ಅಂಕಿ ಒಂದು ಕ್ಷಣ ನಿಂತಾಗ ಬರೆದುಕೊಳ್ಳಿ. ದಿನವೂ ಅದೇ ಹೊತ್ತಿಗೆ, ಹಾಲು ಕುಡಿಯುವ ಮೊದಲು. ಮೊದಲ ದಿನ ಸ್ವಲ್ಪ ಇಳಿಯಬಹುದು. ಆಮೇಲೆ ದಿನಕ್ಕೆ ಶೇಕಡಾ 5ರಿಂದ 10ರಷ್ಟು ಏರಬೇಕು, ಎಂಟರಿಂದ ಹತ್ತು ದಿನಕ್ಕೆ ಹುಟ್ಟಿದಾಗಿನ ಎರಡರಷ್ಟಾಗಬೇಕು. 400 ಗ್ರಾಂ ಹುಟ್ಟಿದ ಲ್ಯಾಬ್ ಮರಿ ಹತ್ತನೇ ದಿನ 800ರ ಹತ್ತಿರ ಇರಬೇಕು. ಒಂದು ದಿನ ಏರದೆ ನಿಂತರೂ ಆ ಮರಿಯ ಮೇಲೆ ಕಣ್ಣಿಡಿ, ಹಿಂದಿನ ಮೊಲೆಗಳಿಗೆ ಹಿಡಿಸಿ, ಹಾಲು ಅಲ್ಲಿ ಹೆಚ್ಚು. ಎರಡನೇ ದಿನವೂ ಏರದಿದ್ದರೆ ಡಾಕ್ಟರಿಗೆ ತೋರಿಸಿ. ಸೊರಗುವ ಮರಿಯ ಗುಟ್ಟು ಕಣ್ಣಿಗಿಂತ ಮೊದಲು ತಕ್ಕಡಿಗೆ ಗೊತ್ತಾಗುತ್ತದೆ.

ಒಂದೇ ಬಣ್ಣದ ಮರಿಗಳನ್ನು ಗುರುತಿಸಲು ಕೊರಳಿಗೆ ದಾರ, ಉಲ್ಲನ್ ಕಟ್ಟಬೇಡಿ. ಮರಿ ಬೆಳೆದಂತೆ ಅದು ಬಿಗಿಯುತ್ತದೆ, ತಾಯಿಯ ಹಲ್ಲಿಗೂ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ವೆಲ್ಕ್ರೋ ಪಟ್ಟಿ ಬಳಸಿ, ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗುತ್ತದೆಯೇ ಎಂದು ದಿನವೂ ನೋಡಿ.

ಇದೇ ದಿನಗಳಲ್ಲಿ ಕೈ ಪರಿಚಯವೂ ಆರಂಭವಾಗಲಿ. ತೂಕಕ್ಕೆ ಎತ್ತಿಕೊಂಡಾಗಲೆಲ್ಲ ಕಿವಿ ಸವರಿ, ಕಾಲ್ಬೆರಳುಗಳ ನಡುವೆ ಒತ್ತಿ ನೋಡಿ, ಅಂಗಾತ ಮಲಗಿಸಿ ನಾಲ್ಕೈದು ಸೆಕೆಂಡ್ ಹಿಡಿಯಿರಿ. ಅದಕ್ಕಿಂತ ಹೆಚ್ಚು ಬೇಡ. ವಾರಕ್ಕೊಮ್ಮೆ ಉಗುರಿನ ಬಿಳಿ ತುದಿಯನ್ನು ಮಾತ್ರ ಮಕ್ಕಳ ನೇಲ್ ಕಟರ್‌ನಲ್ಲಿ ಕತ್ತರಿಸಿ. ಚೂಪು ಉಗುರು ತಾಯಿಯ ಕೆಚ್ಚಲನ್ನು ಗೀರುತ್ತದೆ, ಗೀರಿದ ಕಡೆ ಸೋಂಕು ಹತ್ತಿ ಕೆಚ್ಚಲು ಗಟ್ಟಿಯಾಗುತ್ತದೆ, ನೋವಿಗೆ ಅವಳು ಹಾಲು ಕೊಡುವುದನ್ನೇ ನಿಲ್ಲಿಸುತ್ತಾಳೆ.

ಬಾಲ ಕತ್ತರಿಸುವುದು, ಕಿವಿ ನೆಟ್ಟಗೆ ನಿಲ್ಲಲೆಂದು ಕೊಯ್ಯಿಸುವುದು ಬೇಡವೇ ಬೇಡ. ಕೊಳ್ಳುವವರು ಕೇಳಿದರೂ ಮಾಡಿಸಬೇಡಿ.

ಜಂತುಹುಳು

ನಾಯಿಯ ದುಂಡುಹುಳು ಗರ್ಭದಲ್ಲಿರುವಾಗಲೇ ಮರಿಗೆ ದಾಟುತ್ತದೆ, ಕೊಕ್ಕೆಹುಳು ಹಾಲಿನ ಮೂಲಕ ದಾಟುತ್ತದೆ. 'ನಮ್ಮ ಮನೆ ಶುದ್ಧ, ನಮ್ಮ ಮರಿಗೆ ಹುಳ ಇಲ್ಲ' ಎಂಬ ಮಾತಿಗೆ ಅರ್ಥವೇ ಇಲ್ಲ. ಎರಡು, ನಾಲ್ಕು, ಆರು, ಎಂಟನೇ ವಾರಗಳಲ್ಲಿ ಪೈರಾಂಟೆಲ್ ಇರುವ ಮರಿಗಳ ಸಿರಪ್ ಕೊಡಬೇಕು, ಅದೇ ದಿನಗಳಲ್ಲಿ ತಾಯಿಗೂ ಔಷಧಿ. ಆ ದಿನದ ತೂಕಕ್ಕೆ ತಕ್ಕ ಪ್ರಮಾಣವನ್ನು ಡಾಕ್ಟರಿಂದ ಬರೆಸಿಕೊಂಡು, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ನಿಧಾನಕ್ಕೆ ಬಿಡಿ. ತಲೆ ಹಿಂದಕ್ಕೆ ಬಾಗಿಸಿ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರುದಿನ ಕಕ್ಕದಲ್ಲಿ ಶ್ಯಾವಿಗೆಯಂಥ ಹುಳುಗಳು ಬಿದ್ದರೆ ಗಾಬರಿ ಬೇಡ, ಔಷಧಿ ಕೆಲಸ ಮಾಡಿದೆ. ಅದನ್ನು ಕೂಡಲೇ ಎತ್ತಿ ಹಾಕಿ. ಈ ಹುಳುವಿನ ಮೊಟ್ಟೆ ಮನುಷ್ಯರಿಗೂ ತಗಲುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮರಿ ಮುಟ್ಟಿದ ಕೈ ಸೋಪಿನಿಂದ ತೊಳೆಸಲೇಬೇಕು.

ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯ (ಟಿಕ್) ವಿಷಯದಲ್ಲಿ ಒಂದೇ ಮಾತು: ದೊಡ್ಡ ನಾಯಿಯ ಔಷಧಿಯನ್ನು ಮರಿಗೆ ಹಚ್ಚಬೇಡಿ. ಪ್ರತಿ ಔಷಧಿಗೂ ಇಷ್ಟು ವಾರ, ಇಷ್ಟು ಕಿಲೋ ಎಂಬ ಮಿತಿ ಇರುತ್ತದೆ. ಅಲ್ಲಿಯವರೆಗೆ ದಿನಕ್ಕೊಮ್ಮೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಕೆಳಗೆ ಹುಡುಕಿ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ತೆಗೆಯಿರಿ. ತಾಯಿಯ ಮೈ ಮೊದಲೇ ಶುಚಿಯಾಗಿದ್ದರೆ ಈ ಕೆಲಸ ಅರ್ಧ ಮುಗಿದಂತೆ. ಈ ಊರಿನ ನಾಯಿಗಳನ್ನು ಕಾಡುವ ಟಿಕ್ ಫೀವರ್ ಬರುವುದು ಉಣ್ಣೆಯಿಂದಲೇ.

ಊಟ ಕಲಿಸುವುದು

ಮೂರೂವರೆಯಿಂದ ನಾಲ್ಕನೇ ವಾರದ ನಡುವೆ ಮರಿಗಳು ತಾಯಿಯ ತಟ್ಟೆಗೆ ಮೂತಿ ಹಾಕಲು ಶುರುಮಾಡುತ್ತವೆ. ಅದೇ ಸೂಚನೆ. ಒಂದು ಪಾಲು ಸ್ಟಾರ್ಟರ್ ಫುಡ್‌ಗೆ (ಎಳೆಮರಿಗಳಿಗೆಂದೇ ಸಿಗುವ, ಕಾಳು ಕಾಳಾದ ಕಂಪನಿ ಆಹಾರ) ಮೂರು ಪಾಲು ಉಗುರುಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆ ನೆನೆಸಿ, ಗಂಟಿಲ್ಲದಂತೆ ಗಂಜಿಯ ಹದಕ್ಕೆ ಕಿವುಚಿ. ಅಂಚು ಎತ್ತರವಿಲ್ಲದ ಅಗಲ ತಟ್ಟೆಯಲ್ಲಿಟ್ಟು ಬೆರಳಿಗೆ ಹಚ್ಚಿ ನೆಕ್ಕಿಸಿ. ಮೊದಲ ದಿನ ಅರ್ಧ ಗಂಜಿ ಮೈಮೇಲೆಯೇ ಇರುತ್ತದೆ. ತಾಯಿ ನೆಕ್ಕಿ ಶುಚಿ ಮಾಡುತ್ತಾಳೆ, ನೀವು ಸ್ನಾನ ಮಾಡಿಸಬೇಕಿಲ್ಲ.

ದಿನಕ್ಕೆ ನಾಲ್ಕು ಸಲ. ನಾಲ್ಕೈದು ದಿನಕ್ಕೊಮ್ಮೆ ನೀರು ಕಡಿಮೆ ಮಾಡುತ್ತಾ ಹೋದರೆ ಆರನೇ ವಾರಕ್ಕೆ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಏಳನೇ ವಾರಕ್ಕೆ ಸ್ವಲ್ಪವೇ ನೆನೆದ ಕಾಳು. ಒಂದೇ ತಟ್ಟೆಯಲ್ಲಿ ಎಲ್ಲಕ್ಕೂ ಹಾಕುವುದನ್ನು ಐದನೇ ವಾರಕ್ಕೆ ನಿಲ್ಲಿಸಿ ಬೇರೆ ಬೇರೆ ಬಟ್ಟಲು ಕೊಡಿ. ಒಂದೇ ತಟ್ಟೆಯಾದರೆ ದೊಡ್ಡದು ಚಿಕ್ಕದನ್ನು ತಳ್ಳುತ್ತದೆ. ತಳ್ಳಿಸಿಕೊಂಡದ್ದು ಗಬಗಬ ನುಂಗುವುದನ್ನೂ, ಬಟ್ಟಲ ಹತ್ತಿರ ಯಾರಾದರೂ ಬಂದರೆ ಗುರ್ ಎನ್ನುವುದನ್ನೂ ಕಲಿಯುತ್ತದೆ. ಮರಿ ತಿನ್ನುತ್ತಿರುವಾಗ ಬಟ್ಟಲಿಗೆ ಇನ್ನೊಂದು ರುಚಿಯಾದ ತುಣುಕು ಹಾಕಿ ಕೈ ಹಿಂದೆ ತೆಗೆಯಿರಿ. ಕೈ ಬಂದರೆ ಊಟ ಹೋಗುವುದಿಲ್ಲ, ಹೆಚ್ಚು ಬರುತ್ತದೆ ಎಂದು ಗೊತ್ತಾಗಬೇಕು. ಪರೀಕ್ಷೆ ಮಾಡಲೆಂದು ಬಟ್ಟಲನ್ನೇ ಕಿತ್ತುಕೊಳ್ಳುವುದು ತದ್ವಿರುದ್ಧದ ಪಾಠ.

ಹಸುವಿನ ಹಾಲು, ಪ್ಯಾಕೆಟ್ ಹಾಲು ಬೇಡ. ಅದರ ಲ್ಯಾಕ್ಟೋಸ್ ಮರಿಗಳ ಹೊಟ್ಟೆಗೆ ಒಗ್ಗದೆ ಭೇದಿಯಾಗುತ್ತದೆ. ರಾಗಿ ಅಂಬಲಿ, ಮೊಸರನ್ನ ಬಾಯಿರುಚಿಗೆ ಒಂದು ಚಮಚ ಪರವಾಗಿಲ್ಲ, ಅದೇ ಊಟವಾಗಬಾರದು. ಬೆಳೆಯುವ ಮರಿಗೆ ಬೇಕಾದ ಪ್ರೋಟೀನು ಅದರಲ್ಲಿಲ್ಲ. ಕೊಳ್ಳಲು ಬರುವವರಲ್ಲಿ ಮಾಂಸ, ಮೊಟ್ಟೆ ಒಳಗೆ ತರದ ಮನೆಗಳೂ ಇರುತ್ತವೆ. ಮೊದಲ ಮಾತುಕತೆಯಲ್ಲೇ ಅದನ್ನು ಕೇಳಿ, ಮರಿ ಸಮತೋಲನದ ಕಂಪನಿ ಆಹಾರದ ಮೇಲೆಯೇ ಬೆಳೆಯುತ್ತದೆ, ಮೊಸರನ್ನದ ಮೇಲೆ ಬೆಳೆಯುವುದಿಲ್ಲ ಎಂದು ನೇರವಾಗಿ ಹೇಳಿ. ಒಪ್ಪದಿದ್ದರೆ ಮರಿ ಕೊಡಬೇಡಿ.

ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಸಿರಪ್ಪಿನ ಚಪಲ ಹೊಸ ಮಾಲೀಕರಲ್ಲಿ ಇನ್ನೂ ಜಾಸ್ತಿ. ಒಳ್ಳೆಯ ಪಪ್ಪಿ ಫುಡ್‌ನಲ್ಲಿ ಬೇಕಾದಷ್ಟಿದೆ. ಅದರ ಮೇಲೆ ಇನ್ನಷ್ಟು ಸುರಿದರೆ ಮೂಳೆ, ಕೀಲುಗಳು ಅಂಕುಡೊಂಕಾಗಿ ಬೆಳೆಯುತ್ತವೆ. ಕೊಡುವ ಊಟದ ಚೀಟಿಯಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್, ಬೇಯಿಸಿದ ಕೋಳಿ ಮೂಳೆ, ಇವನ್ನು ಕೊಡಲೇಬಾರದು ಎಂಬುದು ಅದೇ ಚೀಟಿಯ ಕೆಳಗಿರಲಿ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ಹಬ್ಬದ ದಿನ ಮಕ್ಕಳ ಕೈಯಿಂದ ಮರಿಯ ಬಾಯಿಗೆ ಹೋಗುತ್ತದೆ, ಅದನ್ನು ಬಾಯಿಬಿಟ್ಟು ಹೇಳಿ.

ಲಸಿಕೆ ಮತ್ತು ಪಾರ್ವೋ

ಪಾರ್ವೋ, ಡಿಸ್ಟೆಂಪರ್ ಎಂಬ ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆಗಳನ್ನು ತಡೆಯುವ ಮೊದಲ ಲಸಿಕೆ ಆರರಿಂದ ಎಂಟು ವಾರದೊಳಗೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ. ರೇಬೀಸ್ ಲಸಿಕೆ 12 ವಾರಕ್ಕೆ. ಇಷ್ಟು ಸಲ ಏಕೆ ಎಂದು ಕೊಳ್ಳುವವರು ಕೇಳುತ್ತಾರೆ, ಕೇಳಲೇಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೂ ಹೊಡೆದುಹಾಕುತ್ತವೆ. ಅವು ಒಂದು ಮರಿಯಲ್ಲಿ ಏಳನೇ ವಾರಕ್ಕೆ ಕರಗಿದರೆ ಇನ್ನೊಂದರಲ್ಲಿ ಹದಿನಾಲ್ಕನೇ ವಾರದವರೆಗೂ ಉಳಿಯಬಹುದು. ಯಾವ ಮರಿಯದು ಯಾವಾಗ ಎಂದು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೇ ಸಾಲಾಗಿ ಹಾಕುವುದು. ನಡುವೆ ಒಂದನ್ನು ಬಿಟ್ಟರೆ ಆ ಮರಿ ಅಷ್ಟು ದಿನ ಬಯಲಲ್ಲಿ ನಿಂತಂತೆ. ನಮ್ಮಲ್ಲಿ ಮಳೆಗಾಲದ ನಿಂತ ನೀರು, ಇಲಿಗಳ ಕಾಟ ಎರಡೂ ಇರುವುದರಿಂದ ಅವುಗಳಿಂದ ಹರಡುವ ಲೆಪ್ಟೋಸ್ಪೈರಾ ರೋಗಾಣುವಿನ ರಕ್ಷಣೆಯೂ ಸೇರಿದ ಲಸಿಕೆಯನ್ನೇ ಕೇಳಿ.

ಲಸಿಕೆಯನ್ನು ಅಂಗಡಿಯಿಂದ ತಂದು ಮನೆಯಲ್ಲೇ ಚುಚ್ಚಬೇಡಿ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ವಸ್ತು, ಟ್ರಾಫಿಕ್ಕಿನಲ್ಲಿ ಒಂದೆರಡು ಗಂಟೆ ಬಿಸಿಯಾದರೆ ಒಳಗಿನ ಶಕ್ತಿ ಹೋಗಿರುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್, ತಾರೀಕು, ಡಾಕ್ಟರ ಸಹಿ, ನೋಂದಣಿ ಸಂಖ್ಯೆ ಇರಲಿ. ಅದೇ ಭೇಟಿಯಲ್ಲಿ ಪ್ರತಿ ಮರಿಯ ಎದೆಬಡಿತ, ಅಂಗುಳ, ಹೊಕ್ಕುಳ ಹರ್ನಿಯಾ (ಉಬ್ಬು), ಮಂಡಿಚಿಪ್ಪು, ಗಂಡಾದರೆ ಎರಡೂ ವೃಷಣ ಇಳಿದಿವೆಯೇ ಎಂಬುದನ್ನು ನೋಡಿಸಿ ಬರೆಸಿಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಕ್ವೀನ್ಸ್ ರಸ್ತೆಯ ಸರ್ಕಾರಿ ಆಸ್ಪತ್ರೆಯೋ ನಿಮ್ಮ ಬಡಾವಣೆಯ ಡಾಕ್ಟರೋ, ಎಲ್ಲಿಗೆ ಹೋದರೂ ಮರಿಗಳನ್ನು ನೆಲಕ್ಕೆ, ಬೆಂಚಿಗೆ ಬಿಡಬೇಡಿ. ಮುಚ್ಚಿದ ಬುಟ್ಟಿಯಲ್ಲಿ, ವಾಹನದಲ್ಲೇ ಕಾದು, ಕರೆದಾಗ ಒಳಗೆ ಹೋಗಿ.

ಪಾರ್ವೋ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಯಲ್ಲಿ ಬರುತ್ತದೆ. ಮಾಮೂಲಿ ಫಿನಾಯಿಲಿಗೆ ಅದು ಸಾಯುತ್ತದೆಂದು ನಂಬಬೇಡಿ. ಮೊದಲು ನೆಲವನ್ನು ಸೋಪು ನೀರಿನಲ್ಲಿ ತೊಳೆದು, ಐದು ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚನ್ನು ಒಂದು ಲೀಟರ್ ನೀರಿಗೆ 33 ಎಂಎಲ್‌ನಂತೆ ಬೆರೆಸಿ ಬಳಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ, ಆಮೇಲೆ ನೀರಿನಲ್ಲಿ ಒರೆಸಿ ಒಣಗಿಸಿ ಮರಿ ಬಿಡಿ. ಕೊಳೆಯ ಮೇಲೆಯೇ ಬ್ಲೀಚ್ ಹಾಕಿದರೆ ಕೆಲಸ ಮಾಡುವುದಿಲ್ಲ. ಟಾಯ್ಲೆಟ್ ಕ್ಲೀನರ್ ಆಸಿಡ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ.

ನಾಲ್ಕು ವಾರದವರೆಗೆ ನೋಡಲು ಬರುವವರು ಬೇಡ. ಆಮೇಲೆ ಬರುವವರು ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಕಾಲು ಕೈ ತೊಳೆದು ಒಳಗೆ ಬರಲಿ. ಅದೇ ದಿನ ಪೆಟ್ ಶಾಪಿಗೋ ಬೇರೆ ಬ್ರೀಡರ್ ಮನೆಗೋ ಹೋಗಿದ್ದರೆ ಇನ್ನೊಂದು ದಿನ ಬನ್ನಿ ಎನ್ನಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ವಾಂತಿ, ನಾರುವ ರಕ್ತಭೇದಿ, ಮೂಲೆ ಸೇರಿ ಮಲಗುವುದು ಕಂಡರೆ ಆ ಮರಿಯನ್ನು ಬೇರೆ ಮಾಡಿ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಿ, ಮರಿ ಕಾದಿರಿಸಿದವರಿಗೆಲ್ಲ ವಿಷಯ ತಿಳಿಸಿ, ಉಳಿದ ಮರಿಗಳನ್ನು ಕಳಿಸುವುದನ್ನು ನಿಲ್ಲಿಸಿ.

ಮೂರರಿಂದ ಎಂಟನೇ ವಾರ: ಲೋಕದ ಪರಿಚಯ

ಕಣ್ಣು 10ರಿಂದ 14 ದಿನಕ್ಕೆ, ಕಿವಿ ಅದರ ಬೆನ್ನಿಗೇ ತೆರೆಯುತ್ತವೆ. ಮೂರನೇ ವಾರದಿಂದ ಹನ್ನೆರಡನೇ ವಾರದ ತನಕ ಮರಿಯ ಮನಸ್ಸು ಕಂಡದ್ದನ್ನೆಲ್ಲ 'ಇದು ನನ್ನ ಲೋಕದ್ದು' ಎಂದು ಬರೆದುಕೊಳ್ಳುತ್ತದೆ. ಆಮೇಲೆ ಕಂಡ ಹೊಸದನ್ನು ಅನುಮಾನದಿಂದಲೇ ನೋಡುತ್ತದೆ. ಈ ಅವಧಿಯ ಅರ್ಧಕ್ಕಿಂತ ಹೆಚ್ಚು ಭಾಗ ಬ್ರೀಡರ್ ಕೈಯಲ್ಲೇ ಕಳೆಯುತ್ತದೆ. ಹಿತ್ತಿಲ ಕೋಣೆಯಲ್ಲಿ, ಟೆರೇಸಿನ ಶೆಡ್ಡಿನಲ್ಲಿ ಬೆಳೆದ ಮರಿ ಎಷ್ಟೇ ಗುಂಡಗಿದ್ದರೂ ಈ ಪುಟ ಖಾಲಿಯಾಗಿ ಹೋಗುತ್ತದೆ. ಹಾಗಾಗಿ ಮೂರನೇ ವಾರಕ್ಕೆ ಮರಿಗಳ ಆವರಣವನ್ನು ಹಾಲ್ ಅಥವಾ ಅಡುಗೆಮನೆಯ ಪಕ್ಕಕ್ಕೆ ತನ್ನಿ.

ಶಬ್ದದಿಂದ ಶುರುಮಾಡಿ. ಮಿಕ್ಸಿ ಮೊದಲು ಬಾಗಿಲು ಮುಚ್ಚಿದ ಕೋಣೆಯಲ್ಲಿ ತಿರುಗಲಿ, ಮರಿಗಳು ಆಗ ಊಟ ಮಾಡುತ್ತಿರಲಿ. ಮರುದಿನ ಬಾಗಿಲು ತೆರೆದು, ಆಮೇಲೆ ಅದೇ ಕೋಣೆಯಲ್ಲಿ. ಪಟಾಕಿ, ಗುಡುಗು, ಆಟೋ ಹಾರ್ನ್, ಮೆರವಣಿಗೆಯ ತಮಟೆಯ ಧ್ವನಿಯನ್ನು ಮೊಬೈಲಿನಲ್ಲಿ ಪಿಸುಮಾತಿನಷ್ಟು ಸಣ್ಣಗೆ ಹಾಕಿ, ದಿನ ದಿನಕ್ಕೆ ಒಂದು ಗೆರೆ ಏರಿಸಿ. ಸರಿಯಾದ ಮಟ್ಟ ಯಾವುದು? ಮರಿ ಕಿವಿ ನಿಮಿರಿಸಿ ನೋಡಿ ಮತ್ತೆ ತಿನ್ನಲು ಬಗ್ಗಿದರೆ ಸರಿ. ತಿನ್ನುವುದನ್ನೇ ಬಿಟ್ಟು ಹಿಂದೆ ಸರಿದರೆ ಜಾಸ್ತಿಯಾಯಿತು, ಎರಡು ಗೆರೆ ಇಳಿಸಿ. ದೀಪಾವಳಿ ಹೊತ್ತಿನಲ್ಲಿ ಎಂಟು ವಾರ ತುಂಬುವ ಮರಿಗಳನ್ನು ಹಬ್ಬ ಮುಗಿಯುವವರೆಗೆ ಇಟ್ಟುಕೊಂಡು ಕಳಿಸಿ. ಎಂಟನೇ ವಾರದ ಸುಮಾರಿಗೆ ಮರಿಗಳಿಗೆ ಹೆದರಿಕೆ ಬೇಗ ಹತ್ತುತ್ತದೆ, ಆಗ ಕೂತ ಭಯ ಕೀಳುವುದು ಕಷ್ಟ.

ನೆಲದ ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಬಟ್ಟೆಯ ಮೇಲೆಯೇ ಬೆಳೆದ ಮರಿ ನುಣುಪು ಟೈಲ್ಸ್ ಮೇಲೆ ಕಾಲು ಜಾರಿ ಹೆದರಿ ಮೂಲೆ ಹಿಡಿಯುತ್ತದೆ. ಗೋಣಿಚೀಲ, ತೆಂಗಿನ ನಾರಿನ ಮ್ಯಾಟು, ಗ್ರಾನೈಟ್, ಒದ್ದೆ ನೆಲ, ಮಣ್ಣು ತುಂಬಿದ ಟ್ರೇ, ಚರಂಡಿ ಜಾಲರಿ, ಎರಡು ಮೆಟ್ಟಿಲು, ಎಲ್ಲದರ ಮೇಲೂ ತಾನಾಗಿ ನಡೆಯಲು ಬಿಡಿ. ಎತ್ತಿ ಮೇಲೆ ನಿಲ್ಲಿಸಬೇಡಿ, ಆಚೆ ಬದಿ ತಿಂಡಿ ಇಟ್ಟು ಸುಮ್ಮನೆ ಕಾಯಿರಿ.

ಜನರಲ್ಲೂ ವೈವಿಧ್ಯ ಬೇಕು: ಹೆಲ್ಮೆಟ್ ಹಾಕಿದವರು, ರೇನ್‌ಕೋಟ್ ತೊಟ್ಟವರು, ಕೋಲೂರುವ ಅಜ್ಜ, ಸೀರೆಯ ಸೆರಗು, ಗಡ್ಡ, ಬೆನ್ನ ಮೇಲೆ ದೊಡ್ಡ ಚೀಲ ಹೊತ್ತ ಡೆಲಿವರಿ ಹುಡುಗ. ಮಕ್ಕಳು ನೆಲದ ಮೇಲೆ ಕೂತೇ ಮರಿಯನ್ನು ತೊಡೆಗೆ ತೆಗೆದುಕೊಳ್ಳಲಿ, ನಿಂತು ಎತ್ತಿಕೊಂಡರೆ ಬೀಳಿಸುತ್ತಾರೆ. ಮೊದಲ ಲಸಿಕೆ ಆಗಿ ಒಂದು ವಾರ ಕಳೆದ ಮೇಲೆ, ಒಂದೊಂದೇ ಮರಿಯನ್ನು ತೋಳಲ್ಲಿ ಎತ್ತಿಕೊಂಡು ಬೀದಿ ತುದಿಗೆ ಹೋಗಿ ಹತ್ತು ನಿಮಿಷ ನಿಲ್ಲಿ. ಬಸ್ಸು, ತರಕಾರಿ ಗಾಡಿ, ಹಸು, ಬೀದಿನಾಯಿ ದೂರದಿಂದ ಕಾಣಲಿ. ನೆಲಕ್ಕೆ ಬಿಡಬೇಡಿ. ಕಾರಿನಲ್ಲಿ ಒಂದೆರಡು ಸಣ್ಣ ಸುತ್ತು ಹಾಕಿಸಿದರೆ ಕೊಂಡೊಯ್ಯುವ ದಿನದ ವಾಂತಿ ಕಡಿಮೆಯಾಗುತ್ತದೆ.

ಒಡಹುಟ್ಟಿದವರ ಜೊತೆ ಕಚ್ಚಾಡುವುದನ್ನು ತಡೆಯಬೇಡಿ. ಜೋರಾಗಿ ಕಚ್ಚಿದಾಗ ಇನ್ನೊಂದು ಕಿರುಚಿ ಆಟ ನಿಲ್ಲಿಸುತ್ತದೆ, ತಾಯಿ ಗದರುತ್ತಾಳೆ. ಹಲ್ಲು ಎಷ್ಟು ಊರಬೇಕು ಎಂಬ ಅಳತೆ ಮರಿಗೆ ಬರುವುದು ಇಲ್ಲೇ. 35, 40 ದಿನಕ್ಕೆ ಮಾರಿದ ಮರಿಗಳು ಮನೆಯವರ ಕೈಕಾಲು ಹರಿಯುವಂತೆ ಕಚ್ಚುವುದಕ್ಕೆ ಮುಖ್ಯ ಕಾರಣ ಈ ಪಾಠ ತಪ್ಪಿಹೋದದ್ದು.

ಕಕ್ಕ, ಉಚ್ಚೆ, ಒಂಟಿತನ

ಮೂರನೇ ವಾರಕ್ಕೆ ಮರಿಗಳು ಮಲಗುವ ಜಾಗ ಬಿಟ್ಟು ಆಚೆ ಹೋಗಿ ಉಚ್ಚೆ ಮಾಡಲು ಶುರುಮಾಡುತ್ತವೆ. ಆವರಣದಲ್ಲಿ ಮಲಗಲು ಒಂದು ಮೂಲೆ, ಆಡಲು ನಡುವೆ ಜಾಗ, ದೂರದ ತುದಿಯಲ್ಲಿ ಶೌಚದ ಟ್ರೇ ಎಂದು ವಿಂಗಡಿಸಿ. ಇಡೀ ಆವರಣಕ್ಕೆ ಪೇಪರ್ ಹಾಸಿದರೆ ಮರಿಗೆ ಎಲ್ಲವೂ ಶೌಚಾಲಯವೇ. ಎದ್ದ ಕೂಡಲೇ, ಉಂಡ ಕೂಡಲೇ ಟ್ರೇ ಹತ್ತಿರ ಬಿಡಿ. ಏಳನೇ ವಾರಕ್ಕೆ ಕೊಳ್ಳುವವರ ಮನೆಯಲ್ಲಿ ಏನಿದೆ ಎಂದು ಕೇಳಿ, ಕೊನೆಯ ಹತ್ತು ದಿನ ಅದನ್ನೇ ಬಳಸಿ. ಅಂಗಳವಿರುವ ಮನೆಯಾದರೆ ಮಣ್ಣು, ಫ್ಲಾಟ್ ಆದರೆ ಬಾಲ್ಕನಿಯ ಹುಲ್ಲುಹಾಸು ಅಥವಾ ನ್ಯೂಸ್‌ಪೇಪರ್. ಹೊರಡುವ ದಿನ ಉಚ್ಚೆ ಮಾಡಿದ ಪೇಪರಿನ ತುಂಡೊಂದನ್ನು ಕವರಿನಲ್ಲಿ ಕಟ್ಟಿಕೊಡಿ. ಹೊಸ ಮನೆಯಲ್ಲಿ ಅದನ್ನು ಟ್ರೇ ಮೇಲಿಟ್ಟರೆ ಮರಿ ಮೂಸಿ ಅಲ್ಲೇ ಕೂರುತ್ತದೆ. ಎರಡು ತಿಂಗಳ ಮರಿಗೆ ಹಗಲಲ್ಲಿ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲು ಆಗುವುದಿಲ್ಲ, ಇದನ್ನೂ ಹೇಳಿ ಕಳಿಸಿ.

ಒಂಟಿತನವನ್ನು ಆರನೇ ವಾರದಿಂದ ಅಭ್ಯಾಸ ಮಾಡಿಸಿ. ಮರಿಯೊಂದನ್ನು ಉಂಡು ಆಡಿ ಸುಸ್ತಾದ ಮೇಲೆ ಬೇರೆ ಕೋಣೆಯಲ್ಲಿ, ಬಾಗಿಲು ತೆರೆದ ಕ್ರೇಟಿನಲ್ಲಿ (ನಾಯಿ ಮಲಗುವ ಬೋನು), ಅಗಿಯಲು ಏನಾದರೂ ಕೊಟ್ಟು ಐದು ನಿಮಿಷ ಬಿಡಿ. ಅಳು ಶುರುವಾಗುವ ಮೊದಲೇ ಹೋಗಿ ಎತ್ತಿಕೊಳ್ಳಿ. ಎಂಟನೇ ವಾರಕ್ಕೆ ಅರ್ಧ ಗಂಟೆಗೆ ಬಂದರೆ ಚೆನ್ನ. ಹೊಸ ಮನೆಯ ಮೊದಲ ರಾತ್ರಿ ಎಷ್ಟು ಸುಸೂತ್ರವಾಗುತ್ತದೆ ಎಂಬುದನ್ನು ಈ ಅಭ್ಯಾಸದಷ್ಟು ನಿರ್ಧರಿಸುವುದು ಬೇರೊಂದಿಲ್ಲ.

ಯಾವ ಮರಿ, ಯಾವ ಮನೆ

ಮೂರು ವಾರದ ಮರಿಯ ಫೋಟೋ ನೋಡಿ 'ಆ ದಪ್ಪ ತಲೆಯದು ನಮಗೆ' ಎನ್ನುವವರಿಗೆ ಒಪ್ಪಿಕೊಳ್ಳಬೇಡಿ. ಏಳನೇ ವಾರದಲ್ಲಿ ಪಕ್ಕದ ಕೋಣೆಯಲ್ಲಿ ಸ್ಟೀಲ್ ತಟ್ಟೆಯೊಂದನ್ನು ಬೀಳಿಸಿ ನೋಡಿ. ಬೆಚ್ಚುವುದು ಸಹಜ, ಎಷ್ಟು ಬೇಗ ಸುಧಾರಿಸಿಕೊಂಡು ಆ ಕಡೆಗೆ ಮೂಗು ಚಾಚುತ್ತದೆ ಎನ್ನುವುದು ಮುಖ್ಯ. ತಕ್ಷಣ ಓಡಿ ಬಂದು ಮೂಸುವ ಮರಿ ಮಕ್ಕಳಿರುವ ಗದ್ದಲದ ಮನೆಗೆ ಹೊಂದುತ್ತದೆ. ಬಹಳ ಹೊತ್ತು ಅವಿತಿರುವ ಮರಿಗೆ ದೊಡ್ಡವರೇ ಇರುವ ಶಾಂತ ಮನೆ ಬೇಕು. ಯಾವಾಗಲೂ ಬಾಯಿಗೆ ಏನಾದರೂ ಸಿಕ್ಕಿಸಿಕೊಂಡು ಓಡುವ ಮರಿಗೆ ದಿನಾ ಸುತ್ತಾಡಿಸುವ ಜನ ಬೇಕು. ಮುಧೋಳದಂಥ ಬೇಟೆ ತಳಿಯಾದರೆ ಓಡಲು ಬೇಲಿ ಇರುವ ಬಯಲು ಸಿಗುವ ಮನೆಗಷ್ಟೇ ಕೊಡಿ, ಚಂದದ ಮೈಕಟ್ಟು ನೋಡಿ ಕೇಳುವ ಎರಡು ಕೋಣೆಯ ಫ್ಲಾಟಿಗೆ ಅಲ್ಲ.

ಕೊಳ್ಳುವವರನ್ನು ಕೇಳಬೇಕಾದ್ದು: ಹಗಲು ಮನೆಯಲ್ಲಿ ಯಾರಿರುತ್ತಾರೆ? ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬರಹದಲ್ಲಿದೆಯೇ? ಮನೆಯ ಪ್ರತಿಯೊಬ್ಬರಿಗೂ ನಾಯಿ ಬೇಕೇ, ಅಥವಾ ಮಗುವಿನ ಹುಟ್ಟುಹಬ್ಬಕ್ಕೆ ಅಪ್ಪನ ಅಚ್ಚರಿಯೇ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ವೈಟ್‌ಫೀಲ್ಡಿಗೆ ಹೊರಟು ರಾತ್ರಿ ಎಂಟಕ್ಕೆ ಬರುವ ಮನೆಗೆ, ನಡುವೆ ನೋಡಿಕೊಳ್ಳುವವರು ಗೊತ್ತಾಗದ ಹೊರತು ಮರಿ ಕೊಡಬೇಡಿ. ಎಷ್ಟು ಒಳ್ಳೆಯ ಜನರಾದರೂ ಸರಿ. ಅಪಾರ್ಟ್‌ಮೆಂಟಿನವರಿಗೆ, ಸಾಕುನಾಯಿಯನ್ನು ಸಂಘಗಳು ನಿಷೇಧಿಸುವಂತಿಲ್ಲ ಎಂಬ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರತಿ ಕೊಡಿ, ಲಿಫ್ಟು ಮತ್ತು ಪಾರ್ಕಿನಲ್ಲಿ ಶುಚಿ ಕಾಯುವ ಹೊಣೆ ಅವರದೇ ಎಂಬುದನ್ನೂ ಜೊತೆಗೆ ಹೇಳಿ. ಬಂದವರಿಗೆ ತಾಯಿಯನ್ನು ತೋರಿಸಿ. ತಾಯಿ ತೋರಿಸದ ಮನೆಯಿಂದ ಮರಿ ಕೊಳ್ಳಬೇಡಿ ಎಂದು ನೀವೇ ಅವರಿಗೆ ಕಲಿಸಿದರೆ ಇನ್ನೂ ಒಳ್ಳೆಯದು.

ಜೊತೆಗೆ ಕೊಡುವುದು

ಗುರುತಿಗಾಗಿ ಚರ್ಮದಡಿ ಸೇರಿಸುವ ಮೈಕ್ರೋಚಿಪ್ಪನ್ನು ಮರಿ ಹೊರಡುವ ಮೊದಲೇ ಹಾಕಿಸಿರಬೇಕು. ಹೆಗಲ ಮೂಳೆಗಳ ನಡುವೆ, ಅಕ್ಕಿಕಾಳಿನಷ್ಟು. ಅದರ 15 ಅಂಕಿಗಳನ್ನು ರೀಡರ್‌ನಲ್ಲಿ ಓದಿಸಿ, ಲಸಿಕೆ ಕಾರ್ಡಿನಲ್ಲೂ ಒಪ್ಪಂದದಲ್ಲೂ ಬರೆಯಿರಿ. ತಳಿ ನಾಯಿಗಳನ್ನು ದಾಖಲಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಇದ್ದರೆ ಆ ಕಾಗದಗಳಲ್ಲೂ ಅದೇ ಸಂಖ್ಯೆ ಇರಬೇಕು. 'ಪೇಪರ್ ಆಮೇಲೆ ಕಳಿಸ್ತೀವಿ' ಎನ್ನಬೇಡಿ.

ಒಂದು ಬಟ್ಟೆ ಚೀಲದಲ್ಲಿ: ಲಸಿಕೆ ಕಾರ್ಡು, ಜಂತು ಔಷಧಿಯ ಹೆಸರು, ಪ್ರಮಾಣ, ತಾರೀಕು, ಮುಂದಿನ ತಾರೀಕು, ಡಾಕ್ಟರ ತಪಾಸಣೆ ಚೀಟಿ, ಹತ್ತು ದಿನಕ್ಕಾಗುವಷ್ಟು ಅದೇ ಊಟ, ಲ್ಯಾಬ್ ಮರಿಗೆ ಸುಮಾರು ಎರಡರಿಂದ ಮೂರು ಕಿಲೋ, ಊಟದ ಹೊತ್ತು, ಪ್ರಮಾಣ ಬರೆದ ಚೀಟಿ, ತಾಯಿ ಮಲಗಿದ ಬಟ್ಟೆಯ ಒಂದು ತುಂಡು, ಒಗೆಯದೆ, ಶೌಚದ ಪೇಪರು. ಊಟ ಬದಲಾಯಿಸಬೇಕೆಂದರೆ ಮೊದಲ ವಾರ ಬೇಡ, ಆಮೇಲೆ ಕಾಲು ಭಾಗ, ಅರ್ಧ, ಮುಕ್ಕಾಲು ಎಂದು ಏಳರಿಂದ ಹತ್ತು ದಿನದಲ್ಲಿ.

ಒಪ್ಪಂದ ಕನ್ನಡದಲ್ಲೋ ಅವರಿಗೆ ತಿಳಿಯುವ ಭಾಷೆಯಲ್ಲೋ ಒಂದೇ ಹಾಳೆಯಲ್ಲಿರಲಿ. ಮರಿಯ ಗುರುತು, ಬೆಲೆ, ಗೊತ್ತಿರುವ ಆರೋಗ್ಯ ದೋಷಗಳು, ಮೂರು ದಿನದೊಳಗೆ ಅವರ ಡಾಕ್ಟರಿಗೆ ತೋರಿಸಬೇಕೆಂಬ ಮಾತು, ಸಂತಾನಹರಣ ಯಾವಾಗ ಎಂಬುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಸಾಕಲು ಆಗದಿದ್ದರೆ ನಾಯಿ ಯಾವ ವಯಸ್ಸಿನದಾಗಿದ್ದರೂ ನಿಮಗೇ ವಾಪಸ್ ಬರಬೇಕೆಂಬುದು. ರೇಬೀಸ್ ಲಸಿಕೆ ಆದ ಮೇಲೆ ಪಾಲಿಕೆಯ ಲೈಸೆನ್ಸ್ ಮಾಡಿಸುವುದನ್ನು ಅವರಿಗೆ ನೆನಪಿಸಿ.

ಹೊರಡುವ ದಿನ ಮತ್ತು ಆಮೇಲೆ

ಲಸಿಕೆ ಹಾಕಿಸಿದ ದಿನವೇ ಕಳಿಸಬೇಡಿ, ಐದಾರು ದಿನ ಬಿಡಿ. ಭಾನುವಾರ ಸಂಜೆಗಿಂತ ಶನಿವಾರ ಬೆಳಿಗ್ಗೆ ಒಳ್ಳೆಯದು. ಟ್ರಾಫಿಕ್ ಏರುವ ಮುಂಚೆ ಹೊರಟರೆ ಮನೆ ಸೇರಿ ಕತ್ತಲಾಗುವವರೆಗೆ ಮರಿಗೆ ಜಾಗ ಮೂಸಿ ನೋಡಲು ಸಮಯ ಸಿಗುತ್ತದೆ. ಹೊರಡುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿದಿರಲಿ. ಶಿಟ್ಜು, ಪಾಮೇರಿಯನ್‌ನಂಥ ಪುಟ್ಟ ತಳಿಗಳನ್ನು ಮಾತ್ರ ಇಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇಡಬೇಡಿ. ಸಕ್ಕರೆ ಅಂಶ ಇಳಿದು ತೂಕಡಿಸುತ್ತಾ ತೂರಾಡುತ್ತವೆ. ಹಾಗಾದರೆ ಒಸಡಿಗೆ ಜೇನುತುಪ್ಪ ಸವರಿ ಡಾಕ್ಟರ ಬಳಿ ಓಡಬೇಕು ಎಂದು ಹೇಳಿಕೊಡಿ.

ಇಬ್ಬರು ಬರಲಿ, ಒಬ್ಬರು ಓಡಿಸಲು, ಒಬ್ಬರು ಮರಿಯ ಜೊತೆ ಕೂರಲು. ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತೇವೆ ಎಂದರೆ ಆಗುವುದಿಲ್ಲ ಎನ್ನಿ. ದಾರಿಯಲ್ಲಿ ನೆಂಟರ ಮನೆ, ಪೆಟ್ ಶಾಪು, ಪಾರ್ಕು ಯಾವುದೂ ಬೇಡ. ಮನೆಯಲ್ಲಿ ಮೊದಲು ಶೌಚದ ಟ್ರೇ, ಆಮೇಲೆ ನೀರು, ಆಮೇಲೆ ನಿದ್ದೆ. ನೋಡಲು ಬರುವ ಅಕ್ಕಪಕ್ಕದವರನ್ನು ಎರಡು ದಿನ ತಡೆಯಲಿ, ಸ್ನಾನವನ್ನೂ ಮಾಡಿಸದಿರಲಿ. ರಾತ್ರಿ ಕ್ರೇಟು ಮನೆಯವರ ಹಾಸಿಗೆಯ ಪಕ್ಕದಲ್ಲೇ ಇರಲಿ, ಅತ್ತರೆ ಕೈ ಇಳಿಬಿಟ್ಟು ಮೂಸಲು ಕೊಡಲಿ. ಅಳುವ ಮರಿಯನ್ನು ಬಾಲ್ಕನಿಗೆ ಹಾಕಿದರೆ ನಿಮ್ಮ ಎಂಟು ವಾರದ ಕೆಲಸ ಒಂದೇ ರಾತ್ರಿಯಲ್ಲಿ ನೀರಿಗೆ ಹೋಗುತ್ತದೆ.

ಅಂದು ರಾತ್ರಿ, ಮೂರನೇ ದಿನ, ವಾರಕ್ಕೆ, ಮುಂದಿನ ಲಸಿಕೆಯ ಹಿಂದಿನ ದಿನ ನೀವೇ ಫೋನ್ ಮಾಡಿ. 'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. ಬದಲಿಗೆ ಇವತ್ತು ಎಷ್ಟು ಸಲ ತಿಂದಿತು, ಕಕ್ಕ ಗಟ್ಟಿಯಿದೆಯೇ, ಎಲ್ಲಿ ಮಲಗಿತು ಎಂದು ಕೇಳಿ. ಒಂದು ಹೊತ್ತು ಊಟ ಬಿಟ್ಟರೆ ಸಹಜ, ಎರಡು ಹೊತ್ತು ಬಿಟ್ಟರೆ ಅಥವಾ ವಾಂತಿಯಾದರೆ ಅಂದೇ ಡಾಕ್ಟರು. ನಾಲ್ಕರಿಂದ ಎಂಟು ತಿಂಗಳ ನಡುವೆ, ಹಲ್ಲು ಬದಲಾಗಿ ಮಾತು ಕೇಳದ ಕಾಲದಲ್ಲಿ ಮತ್ತೊಮ್ಮೆ ಮಾತಾಡಿ. ನಾಯಿ ಬಿಟ್ಟುಬಿಡುವ ಯೋಚನೆ ಮನೆಯವರಿಗೆ ಬರುವುದು ಹೆಚ್ಚಾಗಿ ಆಗಲೇ.

ಯಾವುದಾದರೂ ನಾಯಿ ವಾಪಸ್ ಬಂದರೆ ಎರಡು ವಾರ ಮನೆಯ ಬೇರೆ ನಾಯಿಗಳಿಂದ, ಅದರಲ್ಲೂ ಲಸಿಕೆ ಮುಗಿಯದ ಮರಿಗಳಿಂದ ಪೂರ್ತಿ ಬೇರೆಯಾಗಿಡಿ. ಬಟ್ಟಲು, ಹಾಸಿಗೆ, ಒರೆಸುವ ಬಟ್ಟೆ ಎಲ್ಲ ಪ್ರತ್ಯೇಕ. ಡಾಕ್ಟರ ತಪಾಸಣೆ, ರಕ್ತಪರೀಕ್ಷೆ, ಜಂತು ಔಷಧಿ ಮಾಡಿಸಿ, ಮೈಕ್ರೋಚಿಪ್‌ನ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಯಿಸಿ. ಬಿಟ್ಟುಕೊಟ್ಟವರನ್ನು ಬಯ್ಯದೆ ಕಾರಣ ಏನೆಂದು ವಿವರವಾಗಿ ಕೇಳಿ ಬರೆದುಕೊಳ್ಳಿ, ಮುಂದಿನ ಮನೆ ಹುಡುಕುವಾಗ ಮೊದಲು ಬೇಕಾಗುವುದು ಆ ವಿವರ.